ಪೀಪಾಯಿಯೊಳಗೆ ಅಮ್ಮ

ಪಸಂದಪ್ಪನ ಬಾಯಲ್ಲಿ ನಾಲಿಗೆ ಇತ್ತು. ಅದು ಮಾತಾಡುತ್ತಿತ್ತು, ಲಕೋಟೆ ಅಂಟಿಸುತ್ತಿತ್ತು, ಡಾಕ್ಟರು ಕೇಳಿದಾಗ ಹೊರಗೂ ಬರುತ್ತಿತ್ತು. ರುಚಿ ಒಂದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ಸಕ್ಕರೆ ಇಟ್ಟರೂ ಅಷ್ಟೇ, ಸುಣ್ಣ ಇಟ್ಟರೂ ಅಷ್ಟೇ. ಈ ಸಂಗತಿ ಇಡೀ ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅಂಥವನನ್ನು ಊರೆಲ್ಲ ಸೇರಿ ರುಚಿಯ ಪಂಡಿತ ಅಂತ ಮಾಡಿ ಕೂರಿಸಿತ್ತು ಅಂದರೆ, ಊರಿನ ಬುದ್ಧಿಗೆ ಏನು ಹೇಳೋಣ!

ಅವನ ನಿಜವಾದ ಹೆಸರು ಬೇರೆ. ಸಂಬಳದ ದಿನ ಬಿಟ್ಟರೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಅವನ ಕೆಲಸ. ಯಾರೂ ಕೇಳಿಕೊಂಡು ಬಾರದ ಕೊಡೆಗಳು, ಒಂಟಿ ಬೂಟುಗಳು, ಗಾಜಿನ ಲೋಟದಲ್ಲಿ ನಗುತ್ತ ಕೂತ ಒಂದು ಹಲ್ಲಿನ ಸೆಟ್ಟು, ಇವು ಅವನ ಸಹೋದ್ಯೋಗಿಗಳು. ಏನು ತಿಂದರೂ, ಎಲ್ಲಿ ತಿಂದರೂ "ಪಸಂದಾಗಿದೆ" ಅನ್ನುವುದು ಅಭ್ಯಾಸವಾದ್ದರಿಂದ ಪಸಂದಪ್ಪನಾದ.

ಈ ಅಭ್ಯಾಸಕ್ಕೆ ಒಂದು ಕಥೆಯಿದೆ. ಎಂಟೊಂಬತ್ತು ವರ್ಷದ ಹಿಂದೆ ಊರಿಗೆಲ್ಲ ಒಂದು ಜ್ವರ ಬಂತು. ಅವನು, ಅವನ ಹೆಂಡತಿ, ಅವನ ತಾಯಿ ಮೂವರೂ ಮಲಗಿದರು. ಮೊದಲು ಎದ್ದವಳು ಮುದುಕಿ. ಏಳಬಾರದಿತ್ತು. ನಡುಗುವ ಕೈಯಲ್ಲಿ ತನ್ನ ಉದ್ದ ಹಿಡಿಯ ಮರದ ಸೌಟು ಹಿಡಿದು ಸೂಪು ಮಾಡಿದಳು, ಮಗನಿಗೆ ಒಂದು ಚಮಚ ಕುಡಿಸಿ "ಹೇಗಿದೆಯೋ?" ಅಂದಳು. ಆಗಿನ್ನೂ ಅವನು ಪಸಂದಪ್ಪನಾಗಿರಲಿಲ್ಲ. "ಏನೂ ರುಚಿ ಇಲ್ಲಮ್ಮ, ಉಪ್ಪೇ ಹಾಕಿಲ್ಲ ನೀನು" ಅಂದುಬಿಟ್ಟ. "ಹಾಕಿದ್ದೆನಲ್ಲೋ..." ಅನ್ನುತ್ತ ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆಗೆ ಹೋದ ತಾಯಿ ಉಪ್ಪಿನ ಜಾಡಿಯ ಮುಂದೆಯೇ ಕುಸಿದಳು. ಮತ್ತೆ ಏಳಲಿಲ್ಲ. ಉಪ್ಪು ಹಾಕಿದ್ದು ನಿಜ, ನಾಲಿಗೆ ಸತ್ತಿದ್ದು ತನ್ನದು ಅಂತ ಅವನಿಗೆ ತಿಳಿದಾಗ ಹೇಳಿಕೊಳ್ಳುವುದಕ್ಕೆ ಅವಳಿರಲಿಲ್ಲ.

ಚೇತರಿಸಿಕೊಂಡ ಹೆಂಡತಿ ಮೊದಲ ಸಲ ಒಲೆ ಹಚ್ಚಿ, ಬಡಿಸಿ, ಅವನ ಮುಖವನ್ನೇ ನೋಡುತ್ತ "ಹೇಗಿದೆ ರೀ?" ಅಂದಳು. ಅವನ ಬಾಯಲ್ಲಿ ಇದ್ದದ್ದು ಹತ್ತಿಯೋ ಅನ್ನವೋ ದೇವರಿಗೇ ಗೊತ್ತು. "ಪಸಂದಾಗಿದೆ ಕಣೇ!" ಅಂದ. ಅವಳು ಅಲ್ಲೇ ಕೂತು ಅತ್ತುಬಿಟ್ಟಳು. ಅಷ್ಟು ಸಮಾಧಾನ ಆಗಿತ್ತು ಅವಳಿಗೆ. ಆಮೇಲೆ ಯಾವ ಬಾಯಲ್ಲಿ ನಿಜ ಹೇಳುತ್ತೀರಿ? ದಿನಕ್ಕೆರಡು ಹೊತ್ತು ಬಡಿಸಿದವಳಿಗೆ, ನೀನು ಮಾಡಿದ ಒಂದು ತುತ್ತಿನ ರುಚಿಯೂ ನನಗೆ ಗೊತ್ತಿಲ್ಲ ಅಂತ ಹೇಳುವ ಧೈರ್ಯ ಪಸಂದಪ್ಪನಿಗಂತೂ ಇರಲಿಲ್ಲ. ಅದು ಗೊತ್ತಾದ ದಿನ ಅವಳು ಎದೆಯೊಡೆದುಕೊಳ್ಳುತ್ತಾಳೆ ಅನ್ನುವುದೇ ಅವನ ಭಯ. ಈ ಭಯವೊಂದನ್ನು ಜೋಪಾನ ಮಾಡಿಕೊಂಡು ಅವನು ಬದುಕಿದ.

ಅದಕ್ಕೆ ಅವನು ಕಂಡುಕೊಂಡ ವಿದ್ಯೆ ಮುಖ ಓದುವುದು. ಪಕ್ಕದವರ ಹುಬ್ಬು ಎಲ್ಲಿಗೆ ಏರಿತು, ಅಡುಗೆಯವನು ಯಾವ ಪಾತ್ರೆ ಕಡೆ ಅಳುಕಿ ನೋಡಿದ, ಯಾರ ಕೈ ನೀರಿನ ಲೋಟಕ್ಕೆ ಹೋಯಿತು, ಎಲ್ಲ ನೋಡಿ ಆಮೇಲೆ ತೀರ್ಪು ಕೊಡುತ್ತಿದ್ದ. ಒಮ್ಮೆ ಯಾರದೋ ಮದುವೆಯಲ್ಲಿ ಅಡುಗೆಯವನ ಮುಖ ನೋಡಿಯೇ "ತಳ ಹಿಡಿದಿದೆ, ಮುಚ್ಚಿಟ್ಟಿದೀಯ" ಅಂದ. ಅಡುಗೆಯವನು ಕಾಲಿಗೆ ಬಿದ್ದ. ಅಂದಿನಿಂದ ಪಸಂದಪ್ಪನ ನಾಲಿಗೆಗೆ ಊರಲ್ಲಿ ಎದುರೇ ಇಲ್ಲ.

ಮನೆಯಲ್ಲಂತೂ ಈ ವಿದ್ಯೆ ಇನ್ನೂ ಸುಲಭ. ಹೆಂಡತಿ ಮೊದಲು ಒಂದು ಚಮಚ ಬಾಯಿಗಿಟ್ಟು ಅವನ ಮುಖ ನೋಡುವಳು. ಅವನು ಅವಳ ಮುಖ ನೋಡುವನು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನೋಡಿಕೊಂಡಿದ್ದು, ಅವನು ನಕ್ಕರೆ ಅವಳು ನಗುವಳು, ಊಟ ಶುರುವಾಗುವುದು. ಬಂದ ನೆಂಟರೆಲ್ಲ ಬೆರಳು ಚೀಪಿಕೊಂಡು ತಿಂದು, "ಥೇಟ್ ನಿಮ್ಮತ್ತೆ ಕೈರುಚಿ ಕಣಮ್ಮ! ಉಪ್ಪು ಒಂದು ಹರಳು ಆಚೆ ಇಲ್ಲ, ಈಚೆ ಇಲ್ಲ" ಅನ್ನುವರು. ಹೆಂಡತಿಯ ಮುಖ ಯಾಕೋ ಆಗ ಸ್ವಲ್ಪ ಬಿಳಚುತ್ತಿತ್ತು. ಹೊಗಳಿಕೆಗೆ ನಾಚಿಕೆ ಅಂತ ಅವನು ಅಂದುಕೊಂಡಿದ್ದ.

ಒಂದೊಂದು ಸಂಜೆ ಅವನು ಹಜಾರದಲ್ಲಿ ಪೇಪರ್ ಓದುತ್ತ ಕೂತಾಗ ಅಡುಗೆಮನೆಯಿಂದ ಶಬ್ದ ಬರುತ್ತಿತ್ತು. ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಕೊಡವುವ ಶಬ್ದ. ಟಕ್ ಟಕ್... ಟಕ್. ಅತ್ತೆಯ ಅಭ್ಯಾಸ ಸೊಸೆಗೂ ಬಂದಿದೆ, ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಿದ್ದ. ಒಂದೆರಡು ಸಲ, ಆ ಶಬ್ದ ಬರುತ್ತಿರುವಾಗಲೇ ಹೆಂಡತಿ ಹಿತ್ತಿಲಿನಿಂದ ಒಣಗಿದ ಬಟ್ಟೆ ಹೊತ್ತುಕೊಂಡು ಒಳಗೆ ಬಂದದ್ದುಂಟು. ಪೇಪರಿನಲ್ಲಿ ಮುಳುಗಿದವನಿಗೆ ಅದರ ಲೆಕ್ಕ ಹತ್ತಲಿಲ್ಲ.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ, ಈಚೆಗೆ ಕೆಲವು ವಾರದಿಂದ ಏನೋ ಕೆಟ್ಟಿತು. ಬಂದವರು ಎರಡನೇ ಸಲ ಬಡಿಸಿಕೊಳ್ಳುವುದು ನಿಂತಿತು. "ನಮಗೆ ಹೊಟ್ಟೆ ಸರಿಯಿಲ್ಲ" ಅನ್ನುವವರು ಜಾಸ್ತಿಯಾದರು. ಮೇಲಿನ ಮಹಡಿಯಲ್ಲೊಬ್ಬಾಕೆ ಇದ್ದಳು, ಊರಿನ ಸುದ್ದಿಯನ್ನೆಲ್ಲ ಸೋಸಿ ಹಂಚುವ ಹೆಂಗಸು. ಅವಳನ್ನು ಎಲ್ಲರೂ ಮೇಲ್ಮನೆಯಾಕೆ ಅನ್ನುತ್ತಿದ್ದರು. ದಿನಾ ಬಟ್ಟಲು ಹಿಡಿದು "ಸ್ವಲ್ಪ ರುಚಿ ನೋಡೋಣ" ಅಂತ ಇಳಿದು ಬರುತ್ತಿದ್ದವಳು ಬರುವುದನ್ನೇ ಬಿಟ್ಟಳು. ಹೆಂಡತಿ ಕಪಾಟು, ಮಂಚದ ಕೆಳಗೆ, ಎಲ್ಲಾ ಕಡೆ ಏನನ್ನೋ ಹುಡುಕುತ್ತಿದ್ದಳು. ಏನೇ ಅಂದರೆ "ಏನಿಲ್ಲ ರೀ" ಅನ್ನುವಳು. ಸಂಜೆಯ ಟಕ್ ಟಕ್ ಕೂಡ ನಿಂತುಹೋಗಿತ್ತು.

ಆ ಹೊತ್ತಿಗೆ ಸರಿಯಾಗಿ ಬಾಮೈದ ಬಂದ. ಹೆಂಡತಿಯ ತಮ್ಮ. ಹತ್ತು ಕೆಲಸ ಹಿಡಿದು ಹತ್ತೂ ಬಿಟ್ಟವನು. ಈಗ ಹಳೇ ಐಸ್ ಗೋದಾಮಿನ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದು ಬಿಯರು ತಯಾರಿಸುತ್ತಿದ್ದ. ಅಂಥಿಂಥ ಬಿಯರಲ್ಲ, ಇಂಗ್ಲಿಷ್ ಗೋಲ್ಡನ್ ಏಲ್ ಅಂತೆ.

"ಭಾವ, ಶನಿವಾರ ಮೊದಲ ಪೀಪಾಯಿ ತೆಗೀತಿದೀನಿ. ಪರವಾನಗಿ ಸಾಹೇಬ್ರು ಬರ್ತಾರೆ. ಅವರೆದುರು ನೀವು ಒಂದು ಗುಟುಕು ಕುಡಿದು ನಾಲ್ಕು ಮಾತು ಹೇಳ್ಬೇಕು. ನಿಮ್ಮ ಮಾತಿಗೆ ಅವರು ಮುದ್ರೆ ಒತ್ತಿಬಿಡ್ತಾರೆ."

"ನಾನು ಆ ವಿಷಯ ಅಷ್ಟಾಗಿ..." ಅಂದ ಪಸಂದಪ್ಪ.

"ಅಯ್ಯೋ ಬಿಡಿ ಭಾವ! ನಿಮ್ಮ ನಾಲಿಗೆ ಮುಂದೆ ಏನು ತಾನೆ ಮುಚ್ಚಿಡೋಕಾಗತ್ತೆ!" ಅಂದು ಬಾಮೈದ ನಕ್ಕ. ಆ ನಗೆ ಅರ್ಧದಲ್ಲೇ ನಿಂತಿತು. ಅಕ್ಕ ಕಪಾಟು ಹುಡುಕುವುದನ್ನು ಒಮ್ಮೆ ನೋಡಿ, ತುರ್ತು ಕೆಲಸ ನೆನಪಾದವನಂತೆ ಎದ್ದು ಹೋದ.

ಹೆಂಡತಿ ಹೆಮ್ಮೆಯಿಂದ ಗಂಡನ ಕೋಟಿಗೆ ಇಸ್ತ್ರಿ ಹಾಕಿಕೊಟ್ಟಳು. ಇಲ್ಲಿ ಒಂದು ಮಾತು ಹೇಳಬೇಕು. ಕುಡಿತ ಅಂದರೆ ಸತ್ತ ಮುದುಕಿಗೆ ಮೈಯೆಲ್ಲ ಉರಿ. ಬಾಮೈದ ಒಮ್ಮೆ ಬಾಯಿ ವಾಸನೆ ಮಾಡಿಕೊಂಡು ಬಂದಿದ್ದಾಗ ಅದೇ ಸೌಟು ಹಿಡಿದು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿದ್ದಳು.

ಶನಿವಾರ ಮಧ್ಯಾಹ್ನ ಪಸಂದಪ್ಪ ನೆಲಮಾಳಿಗೆಯ ಮೆಟ್ಟಿಲಿಳಿದ. ಹೊರಗೆ ಬಿಸಿಲು, ಒಳಗೆ ಹಳೇ ಐಸಿನ ಚಳಿ. ಗೋಡೆಯ ಮೇಲೆ ಯಾವುದೋ ಕಾಲದ ಐಸ್ ಕಚ್ಚುವ ಇಕ್ಕಳಗಳು ಇನ್ನೂ ನೇತಾಡುತ್ತಿದ್ದವು, ಗಾಳಿ ಇಲ್ಲದಿದ್ದರೂ ಒಂದು ಮೆಲ್ಲಗೆ ಆಡುತ್ತಿತ್ತು. ನಡುವೆ ಆಳೆತ್ತರದ ಸ್ಟೀಲ್ ಪೀಪಾಯಿ. ಅದರ ಮುಚ್ಚಳದ ಮೇಲೆ ಗಾಳಿ ಹೋಗುವ ಕೊಳವೆ, ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ. ಗುಳುಕ್... ಗುಳುಕ್... ಅಂತ ಯಾರೋ ನಿಧಾನವಾಗಿ ಉಸಿರಾಡುವ ಹಾಗೆ ಗುಳ್ಳೆ ಏಳುತ್ತಿತ್ತು.

ಪರವಾನಗಿ ಸಾಹೇಬರು ಆಗಲೇ ಬಂದು ಒಂದೇ ಒಂದು ಕುರ್ಚಿಯಲ್ಲಿ ಕೂತಿದ್ದರು. ಅವರು ನಿಯಮದ ಮನುಷ್ಯ. ಸೀನು ಬಂದರೂ ಯಾವ ನಿಯಮದ ಕೆಳಗೆ ಬಂತು ಅಂತ ನೋಡಿ ಸೀನುವವರು. ಹೋದ ವರ್ಷ ಬಾಮೈದನ ಅರ್ಜಿ ವಿಚಾರಿಸಲು ಬಂದಾಗ ಪಸಂದಪ್ಪನ ಮನೆಯಲ್ಲಿ ಊಟ ಮಾಡಿ, ಅದನ್ನು ಇವತ್ತಿಗೂ ಕಚೇರಿಯಲ್ಲಿ ಹೊಗಳುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರೂ ನೆರೆದಿದ್ದರು. ಮೇಲ್ಮನೆಯಾಕೆ "ನಾನು ಕುಡಿಯೋಕಲ್ಲಪ್ಪ, ಮಂಡಿ ನೋವಿಗೆ ಒಳ್ಳೇದಂತೆ" ಅಂತ ಎಲ್ಲರಿಗಿಂತ ದೊಡ್ಡ ಲೋಟ ತಂದಿದ್ದಳು.

ಬಾಮೈದ ನಲ್ಲಿ ತಿರುಗಿಸಿದ. ಹೊಂಬಣ್ಣದ ಏಲು ಲೋಟಕ್ಕೆ ಬಿತ್ತು, ಮೇಲೆ ಬಿಳೀ ನೊರೆ. "ಹಾಪ್ಸ್ ಅಂತ ಒಂದು ಬಳ್ಳಿ ಇದೆ. ಅದರ ಹಸಿರು ಹೂವು ಧಾರಾಳವಾಗಿ ಹಾಕಿದೀನಿ. ಮೊದಲು ಕಹಿ, ಆಮೇಲೆ ಪರಿಮಳ" ಅಂದ. ಎಲ್ಲರ ಕೈಗೂ ಲೋಟ ಬಂತು. ಪಸಂದಪ್ಪ ವಾಡಿಕೆಯಂತೆ ಮುಖಗಳ ಕಡೆ ತಿರುಗಿದ. ಅಲ್ಲೇ ಎಡವಟ್ಟಾಯಿತು. ಒಬ್ಬರೂ ಕುಡಿಯುತ್ತಿಲ್ಲ! ಪಂಡಿತ ಕುಡಿಯುವ ಮೊದಲು ತಾವು ಹೇಗೆ ಕುಡಿಯುವುದು ಅಂತ ಎಲ್ಲರೂ ಅವನನ್ನೇ ನೋಡುತ್ತಿದ್ದಾರೆ. ಓದುವುದಕ್ಕೆ ಒಂದು ಹುಬ್ಬೂ ಇಲ್ಲ.

"ಹೂಂ, ನಡೀಲಿ" ಅಂದರು ಸಾಹೇಬರು.

ಪಸಂದಪ್ಪ ಕಣ್ಣು ಮುಚ್ಚಿ ಕುಡಿದ.

ಕಹಿ! ಮೊದಲು ನಾಲಿಗೆಯ ತುದಿಗೆ, ಆಮೇಲೆ ಎರಡೂ ಬದಿಗೆ, ನಿಜವಾದ, ಹಸಿರು ಹಸಿರಾದ ಕಹಿ. ಅದರ ಹಿಂದೆಯೇ ಈಗಷ್ಟೇ ಸುಲಿದ ಕಿತ್ತಳೆ ಸಿಪ್ಪೆ. ಕೊಯ್ದ ಹುಲ್ಲು. ಹುರಿದ ಧಾನ್ಯದ ಸಣ್ಣ ಸಿಹಿ. ಅವನ ಕೂದಲು ನೆಟ್ಟಗಾಯಿತು. ಇಷ್ಟು ವರ್ಷ ಸತ್ತು ಮಲಗಿದ್ದ ನಾಲಿಗೆ ಎದ್ದು ಕೂತಿತ್ತು. ಎಲ್ಲಾ ಇಳಿದ ಮೇಲೆ ಗಂಟಲ ಹತ್ತಿರ ಇನ್ನೊಂದು ಉಳಿಯಿತು. ಹಬೆ, ಒದ್ದೆ ಮರ, ಬಟ್ಟೆ ಸೋಪು ಹತ್ತಿದ ಕೈ. ಅದು ಯಾರ ಕೈ ಅಂತ ಅವನಿಗೆ ಆ ಕ್ಷಣವೇ ಗೊತ್ತಾಯಿತು.

ಪೀಪಾಯಿಯ ಒಳಗಿಂದ ಶಬ್ದ ಬಂತು. ಟಕ್ ಟಕ್... ಟಕ್.

"ಇದರೊಳಗೆ ಒಬ್ಬ ಮುದುಕಿ ಇದಾಳೆ" ಅಂದ ಪಸಂದಪ್ಪ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ.

ಮೇಲ್ಮನೆಯಾಕೆಯ ಕೈಯಿಂದ ಲೋಟ ಜಾರಿತು. ಪಸಂದಪ್ಪ ಅಭ್ಯಾಸಬಲದಿಂದ ಬಾಮೈದನ ಮುಖ ನೋಡಿದ. ಆ ಮುಖ ಸುಣ್ಣವಾಗಿತ್ತು. "ಗ್ಯಾಸು, ಗ್ಯಾಸು ಭಾವ ಅದು!" ಅಂತ ಬಾಮೈದ ತೊದಲಿದ. ಇಷ್ಟು ಸಾಕಾಯಿತು. ಬಾಮೈದ ಏನೋ ಮುಚ್ಚಿಡುತ್ತಿದ್ದಾನೆ ಅನ್ನುವುದು ಈಗ ಮುಖ ಓದಲು ಬಾರದವರಿಗೂ ಕಾಣುತ್ತಿತ್ತು.

"ಐಸಿನವನ ಹೆಂಡ್ತಿ!" ಅಂತ ಚೀರಿದಳು ಮೇಲ್ಮನೆಯಾಕೆ. "ಹಿಂದೆ ಇಲ್ಲಿದ್ದ ಐಸಿನವನು ಅವಳು ತವರಿಗೆ ಹೋದ್ಳು ಅಂತಿದ್ದ. ತವರಿನವರು ಗಂಡನ ಮನೇಲೇ ಇದಾಳೆ ಅಂತಿದ್ರು. ಇಲ್ಲಿದಾಳೆ ನೋಡಿ!"

"ಸ್ವಾಮಿ, ಪೀಪಾಯಿ ತಂದು ಇನ್ನೂ ಎರಡು ತಿಂಗಳಾಗಿಲ್ಲ!" ಅಂದ ಬಾಮೈದ.

"ಹಾಗಾದ್ರೆ ಹೊಸದಾಗೇ ಹಾಕಿದೀಯ ಅಂತಾಯ್ತು" ಅಂದರು ಸಾಹೇಬರು. ಅವರು ಲೋಟವನ್ನು ಮೂಸಿ, ದೂರವಿಟ್ಟು, ಎದ್ದು ನಿಂತರು. "ಪೀಪಾಯಿ ಸೀಲ್. ಮುದುಕಿ ಹಾಕಿ ಬಿಯರ್ ಮಾಡೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ."

ಅಲ್ಲಿಂದ ಮುಂದೆ ಸುದ್ದಿಗೆ ಕಾಲು ಬಂತು. ಸೋಮವಾರ ಪಸಂದಪ್ಪ ಡಿಪೋಗೆ ಹೋದರೆ ಕೌಂಟರಿನ ಮುಂದೆ ಉದ್ದನೆಯ ಸಾಲು. ಒಬ್ಬರೂ ಕೊಡೆ ಕೇಳಿಕೊಂಡು ಬಂದವರಲ್ಲ. ಒಬ್ಬ ಸತ್ತ ಚಿಕ್ಕಪ್ಪನ ಫ್ಲಾಸ್ಕು ಹಿಡಿದು ನಿಂತಿದ್ದ. "ಸಾರ್, ಒಂಚೂರು ನೆಕ್ಕಿ ನೋಡಿ. ಕಬ್ಬಿಣದ ಪೆಟ್ಟಿಗೆ ಬೀಗದ ಕೈ ಎಲ್ಲಿಟ್ಟಿದಾರೆ ಅಂತ ಕೇಳಿ." ಇನ್ನೊಬ್ಬಾಕೆ ಗಂಡನ ಟೋಪಿ ತಂದಿದ್ದಳು. "ಇವರು ಬದುಕೇ ಇದಾರೆ ಸಾರ್. ಸಂಜೆ ಎಲ್ಲಿಗೆ ಹೋಗ್ತಾರೆ ಅಂತ ರುಚಿ ನೋಡಿ ಹೇಳಿ ಸಾಕು." ಡಿಪೋ ಮ್ಯಾನೇಜರು ಅವನ ಹತ್ತಿರ ಬಂದು, ಆಚೀಚೆ ನೋಡಿ, ಲೋಟದಲ್ಲಿದ್ದ ಆ ಹಲ್ಲಿನ ಸೆಟ್ಟನ್ನು ಅವನ ಮುಂದೆ ಸರಿಸಿ "ಇದು ಯಾರದ್ದು ಅಂತ ನಂಗೂ ಬಹಳ ದಿನದಿಂದ ಕುತೂಹಲ ಕಣ್ರೀ" ಅಂದರು. ಪಸಂದಪ್ಪ ಅಂದು ಅರ್ಧ ದಿನ ರಜೆ ಹಾಕಿದ.

ಮನೆಗೆ ಬಂದರೆ ಬಾಮೈದ ಅಕ್ಕನ ಮುಂದೆ ಅಳುತ್ತ ಕೂತಿದ್ದ. "ಪೀಪಾಯಿ ಒಡೆಸಿ ಎಲ್ಲಾ ಚರಂಡಿಗೆ ಸುರೀತಾರಂತೆ ಅಕ್ಕ! ಅದಕ್ಕೆ ಮುಂಚೆ ಭಾವನ ನಾಲಿಗೆ ಪರೀಕ್ಷೆ ಮಾಡ್ತಾರಂತೆ. ನಾಲಿಗೆ ನಿಜ ಅಂತಾದ್ರೆ ಪೀಪಾಯಿ ಒಡೀತಾರೆ. ಸುಳ್ಳು ಅಂತಾದ್ರೆ ಬಿಟ್ಟುಬಿಡ್ತಾರೆ. ಭಾವ, ದಮ್ಮಯ್ಯ, ತಪ್ಪು ತಪ್ಪಾಗಿ ಹೇಳಿಬಿಡಿ!"

"ನಮ್ಮೋರ ನಾಲಿಗೆ ಸುಳ್ಳು ಅಂತ ಊರೆಲ್ಲ ಅಂದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೋ?" ಅಂದಳು ಹೆಂಡತಿ. "ನಾನು ಮಾಡಿ ಹಾಕಿದ್ದನ್ನೆಲ್ಲ ಪಸಂದಾಗಿದೆ ಅಂದ ನಾಲಿಗೆ ಅದು." ಅವಳ ದನಿ ಯಾಕೋ ನಡುಗುತ್ತಿತ್ತು. ಪಸಂದಪ್ಪ ಅತ್ತ ದರಿ ಇತ್ತ ಪುಲಿ ಅಂತ ಗೋಡೆ ನೋಡುತ್ತ ನಿಂತ. ಸರಿಯಾಗಿ ಹೇಳಿದರೆ ಬಾಮೈದ ಬೀದಿಪಾಲು. ತಪ್ಪಾಗಿ ಹೇಳಿದರೆ ಹೆಂಡತಿಯ ಮುಂದೆ ಬಣ್ಣ ಬಯಲು. ಪೀಪಾಯಿಯ ಆ ಒಂದು ಗುಟುಕು ಇಳಿದ ಮೇಲೆ ನಾಲಿಗೆ ಮತ್ತೆ ಸತ್ತು ಮಲಗಿತ್ತು. ಸರಿಯಾಗಿ ಹೇಳುವುದು ಹೇಗೆ ಅಂತ ಗೊತ್ತಿದ್ದರಲ್ಲವೇ ಮೊದಲ ಚಿಂತೆ? ಆದರೂ ಒಂದು ಆಸೆಯಿತ್ತು. ಜನ ನೆರೆದಿರುತ್ತಾರೆ, ಮುಖಗಳಿರುತ್ತವೆ.

ಪರೀಕ್ಷೆಯ ದಿನ ನೆಲಮಾಳಿಗೆ ತುಂಬಿ ಮೆಟ್ಟಿಲ ಮೇಲೂ ಜನ. ಮೇಜಿನ ಮೇಲೆ ಮೂರು ಲೋಟ. ಪಸಂದಪ್ಪ ಎಲ್ಲರ ಹುಬ್ಬುಗಳನ್ನೂ ಒಮ್ಮೆ ಅಳೆದುಕೊಂಡು ಸಿದ್ಧನಾದ. ಆಗ ಸಾಹೇಬರು ಜೇಬಿನಿಂದ ಕಪ್ಪು ಬಟ್ಟೆ ತೆಗೆದರು.

"ಇದೇನು ಸಾಹೇಬ್ರೇ?"

"ಕಣ್ಣು ಕಟ್ಟೋದು. ನಿಯಮ."

ಕತ್ತಲೆಯಾಯಿತು. ಕತ್ತಲೆಯಲ್ಲಿ ಪೀಪಾಯಿಯ ಉಸಿರು ಇನ್ನೂ ಹತ್ತಿರ ಕೇಳಿಸಿತು. ಗುಳುಕ್... ಗುಳುಕ್. ಮೊದಲ ಲೋಟ ತುಟಿಗೆ ಬಂತು. ಕುಡಿದ. ಏನೂ ಇಲ್ಲ. ಯಾರಾದರೂ ಕೆಮ್ಮುತ್ತಾರೇನೋ ಅಂತ ಕಿವಿಗೊಟ್ಟ. ಯಾರೂ ಕೆಮ್ಮಲಿಲ್ಲ.

"ಪಸಂದಾಗಿದೆ" ಅಂದ.

"ಅದು ವಿನೆಗರ್" ಅಂದರು ಸಾಹೇಬರು. ಜನ ಗುಸುಗುಸು ಅಂದರು. ಎರಡನೆಯದು ಬಂತು.

"ಇದೂ... ಪಸಂದಾಗಿದೆ."

"ಅದು ಉಪ್ಪುನೀರು. ಮೂರು ಹಿಡಿ ಉಪ್ಪು ಹಾಕಿದೀನಿ ರೀ!" ಮೂರನೆಯದನ್ನು ಸಾಹೇಬರು ಕೊಂಚ ಸಂಕಟದಿಂದಲೇ ಕೊಟ್ಟರು. ಪಸಂದಪ್ಪ ಒಂದು ದೊಡ್ಡ ಗುಟುಕು ನುಂಗಿದ. ಅವನ ಬಾಯಿಂದ ಒಂದು ಗುಳ್ಳೆ ಹಾರಿತು.

"ಪಸಂದಾಗಿದೆ" ಅಂದ, ಬಹಳ ಮೆಲ್ಲಗೆ.

"ಪಾತ್ರೆ ತೊಳೆಯೋ ಸೋಪಿನ ನೀರು ಕಣ್ರೀ ಅದು!"

ನಕ್ಕವರು ನಕ್ಕರು. ಪಸಂದಪ್ಪ ಕಣ್ಣಿನ ಬಟ್ಟೆ ತಾನೇ ಕಿತ್ತ. ಎದುರಿಗೆ ಹೆಂಡತಿ ನಿಂತಿದ್ದಳು. ಅವಳ ಮುಖ ಮೊದಲ ಸಲ ಅವನಿಗೆ ಓದಲಾಗಲಿಲ್ಲ. "ನಂಗೆ ರುಚಿ ಗೊತ್ತಾಗಲ್ಲ ಕಣೇ" ಅಂದ. "ಅಮ್ಮ ಹೋದ ಜ್ವರದಲ್ಲೇ ಹೋಯ್ತು. ನೀನು ಮಾಡಿದ್ದು ಒಂದು ದಿನವೂ... ಹೇಗಿತ್ತು ಅಂತ ನಂಗೆ ಗೊತ್ತಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ..." ದುಃಖವೂ ಸೋಪೂ ಒಟ್ಟಿಗೆ ಗಂಟಲಿಗೆ ಬಂದಿದ್ದವು.

ನಗು ನಿಂತಿತು. ಹೆಂಡತಿ ಮುಂದೆ ಬಂದಳು. ಅವನ ಕೈಯಿಂದ ಸೋಪಿನ ನೀರಿನ ಲೋಟ ತೆಗೆದುಕೊಂಡಳು. ಉಳಿದದ್ದನ್ನು ಗಟಗಟ ಕುಡಿದು, ತುಟಿ ಒರೆಸಿಕೊಂಡು, ಅವನನ್ನೇ ನೋಡುತ್ತ ಅಂದಳು:

"ನಂಗೂ ಪಸಂದಾಗೇ ಇದೆ ರೀ."

"ಅಂದ್ರೆ?"

"ನಂಗೂ ಅದೇ ಜ್ವರದಲ್ಲೇ ಹೋಯ್ತು. ಬಡಿಸಿ ನಿಮ್ಮ ಮುಖ ನೋಡ್ತಿದ್ದೆ. ನೀವು ನಕ್ರೆ ಸರಿಯಾಗಿದೆ ಅಂದ್ಕೋತಿದ್ದೆ."

"ನಾನು ನಿನ್ನ ಮುಖ ನೋಡಿ ನಗ್ತಿದ್ದೆನಲ್ಲೇ!"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಇಷ್ಟು ವರ್ಷ ಎರಡು ಕನ್ನಡಿಗಳು ಎದುರು ಬದುರು ಕೂತು ಊಟ ಮಾಡಿದ್ದವು. ಅವಳಿಗೆ ನಗು ಬಂತು, ಅಳುವೂ ಬಂತು. ಅವನ ಎದೆ ಮೇಲಿದ್ದ ಕಲ್ಲು ಇಳಿದುಹೋಯಿತು. ಅಷ್ಟರಲ್ಲಿ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಒಂದು ನಿಮಿಷ. ಹೋದ ವರ್ಷ ನಿಮ್ಮನೇಲಿ ನಾನು ಊಟ ಮಾಡಿದೀನಿ. ಉಪ್ಪು ಹೇಗೆ ಬೇಕೋ ಹಾಗಿತ್ತು. ನಿಮ್ಮಿಬ್ಬರಿಗೂ ನಾಲಿಗೆ ಇಲ್ಲ ಅಂದ್ಮೇಲೆ ಆ ಉಪ್ಪು ಹಾಕಿದ್ದು ಯಾರು?"

ಹೆಂಡತಿಯ ನಗು ಇಳಿಯಿತು. "ನಾನು ಉಪ್ಪು ಹಾಕೋದನ್ನೇ ಬಿಟ್ಟಿದ್ದೆ ಸಾಹೇಬ್ರೇ. ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಬಂದೋರೆಲ್ಲ ಹೊಗಳೋರು. ನಾನು ಬಟ್ಟೆ ಒಣಗಿಸೋಕೆ ಹೋದಾಗ ಒಳಗೆ ಸೌಟಿನ ಸದ್ದು ಕೇಳೋದು. ಇವರೇ ಕದ್ದು ಬಂದು ಸರಿ ಮಾಡಿ ಹೋಗ್ತಾರೆ, ಪಾಪ, ನಂಗೆ ಹೇಳೋಕೆ ಮನಸ್ಸಿಲ್ಲ ಅಂತ..."

"ನಾನಾ? ನಾನು ಪೇಪರ್ ಓದ್ತಿದ್ದೆ!" ಅಂದ ಪಸಂದಪ್ಪ. "ಆ ಸದ್ದು ನೀನೇ ಅಂದ್ಕೊಂಡಿದ್ದೆ. ಮತ್ತೆ ಜಾಡಿ? ತಿಂಗಳಿಗೊಂದ್ಸಲ ಖಾಲಿಯಾಗ್ತಿತ್ತಲ್ಲ, ನಾನೇ ತಂದು ತುಂಬಿಸ್ತಿದ್ದೆ."

ಬಾಟಲಿಯ ಗುಳುಕ್ ಗುಳುಕ್ ನಿಂತಿತು. ಎಲ್ಲರೂ ಅದು ನಿಂತದ್ದನ್ನು ಕೇಳಿಸಿಕೊಂಡರು. ಆಮೇಲೆ ಪೀಪಾಯಿಯ ಒಳಗಿಂದ, ಬಹಳ ಸ್ಪಷ್ಟವಾಗಿ, ತಾಳ್ಮೆಗೆಟ್ಟವರು ಬಡಿದಂತೆ: ಟಕ್ ಟಕ್... ಟಕ್.

"ಸೌಟು!" ಅಂತ ಬಾಮೈದ ಕುಸಿದು ಕೂತ. "ನಿಮ್ಮತ್ತೆ ಸೌಟು ಕಣಕ್ಕ! ಅಷ್ಟು ಉದ್ದದ ಹಿಡಿ ಎಲ್ಲೂ ಸಿಗ್ಲಿಲ್ಲ. ಹೇಳದೇ ಎತ್ಕೊಂಡು ಬಂದೆ. ತಿರುಗಿಸ್ತಾ ಇದ್ದೆ, ಯಾರೋ ಕೈಗೆ ಹೊಡೆದ ಹಾಗಾಯ್ತು, ಜಾರಿ ಒಳಗೆ ಬಿತ್ತು. ತೆಗೆಯೋಕೆ ಹೆದರಿ ಮುಚ್ಚಳ ಹಾಕಿಬಿಟ್ಟೆ. ಅವತ್ತಿಂದ ಹೀಗೇ ಬಡೀತಿದೆ!"

ಜನ ಮೆಟ್ಟಿಲ ಕಡೆ ಸರಿದರು. ಸಾಹೇಬರು ಕುರ್ಚಿಯನ್ನು ಗುರಾಣಿಯಂತೆ ಮುಂದೆ ಹಿಡಿದರು. ಸೀಲು ತೆಗೆಯುವುದು ಯಾರ ಅಧಿಕಾರ ಅಂತ ಕೇಳಿದರೆ ಅವರಿಗೂ ನಿಯಮ ನೆನಪಾಗಲಿಲ್ಲ. ಹೆಂಡತಿಯೇ ಹೋಗಿ ಸೀಲು ಕಿತ್ತಳು. ಸ್ಟೂಲು ಹತ್ತಿ, ಮುಚ್ಚಳ ಎತ್ತಿ, ರವಿಕೆಯ ತೋಳು ಮೇಲೇರಿಸಿ ಭುಜದವರೆಗೂ ಕೈ ಇಳಿಸಿದಳು.

"ಅತ್ತೇ, ಸಾಕು ಬನ್ನಿ" ಅಂದಳು. "ಕುಡುಕರ ಸಹವಾಸ ನಿಮಗೆ ಯಾಕೆ? ಮನೆಗೆ ಹೋಗೋಣ."

ಸೌಟು ತಾನಾಗಿ ಕೈಗೆ ಬಂದಂತೆ ಬಂತು. ತೊಟ್ಟಿಕ್ಕುತ್ತಿತ್ತು. ಅವಳು ಮಣಿಕಟ್ಟಿನಿಂದ ಇಳಿಯುತ್ತಿದ್ದ ಏಲನ್ನು ಸುಮ್ಮನೆ ನೆಕ್ಕಿ, ಹಾಗೇ ನಿಂತುಬಿಟ್ಟಳು. "ಕಹಿ ರೀ!" ಅಂತ ಕಿರುಚಿದಳು. "ರೀ, ಕಹಿ! ಕಿತ್ತಳೆ ಸಿಪ್ಪೆ! ನಂಗೆ ಗೊತ್ತಾಗ್ತಿದೆ!" ಸ್ಟೂಲಿನ ಮೇಲೆ ನಿಂತು ಮಗುವಿನ ಹಾಗೆ ಅತ್ತಳು. ಪಸಂದಪ್ಪ ಓಡಿಹೋಗಿ ಅವಳನ್ನು ಇಳಿಸಿಕೊಂಡ.

ಸಾಹೇಬರು ಬಹಳ ಹೊತ್ತಿನ ನಂತರ ಕುರ್ಚಿಯ ಹಿಂದಿನಿಂದ ಬಂದು, ಒಂದು ಲೋಟ ಹಿಡಿದು ಕುಡಿದರು. ಇನ್ನೊಂದು ಹಿಡಿದರು. "ಇಂಥ ಏಲು ನಾನು ಕುಡಿದಿಲ್ಲ. ಪರವಾನಗಿ ಕೊಡ್ಬಹುದು" ಅಂದರು. "ಯಾರ ಹೆಸರಿಗೆ ಅನ್ನೋದೊಂದೇ ತೊಡಕು."

ಸೌಟನ್ನು ಒರೆಸಿ ಮನೆಗೆ ಒಯ್ಯುವಾಗ ಮೇಲ್ಮನೆಯಾಕೆ ಜೊತೆಗೇ ಬಂದಳು. ಇಂಥ ವಿಷಯದಲ್ಲಿ ಅವಳಿಗೆ ತಿಳಿಯದ್ದೇ ಇಲ್ಲ. "ಪಸಂದಪ್ಪನೋರೆ, ಸತ್ತವರು ಸುಮ್ಸುಮ್ನೆ ನಿಲ್ಲಲ್ಲ. ಆವತ್ತು ಅವರು ಕೇಳಿದ್ದಕ್ಕೆ ನೀವು ಸರಿಯಾಗಿ ಉತ್ತರ ಕೊಟ್ಟಿಲ್ಲ. ಅದಕ್ಕೇ ಪಾಪ, ಉಪ್ಪು ಹಾಕ್ತಾನೇ ಇದಾರೆ. ಊರೋರಿಗೆಲ್ಲ ಹೇಳ್ತೀರಲ್ಲ, ಆ ಒಂದು ಮಾತು ಅವರಿಗೂ ಹೇಳಿ. ನೆಮ್ಮದಿಯಾಗಿ ಹೊರಟುಹೋಗ್ತಾರೆ."

ಸಂಜೆ ಹೆಂಡತಿ ಸೌಟನ್ನು ಅದರ ಮೊಳೆಗೆ ನೇತುಹಾಕಿ, ಉಪ್ಪು ಹಾಕದೆ ಸೂಪು ಇಟ್ಟು, ಹಜಾರಕ್ಕೆ ಬಂದು ಗಂಡನ ಪಕ್ಕ ಕೂತಳು. ದೀಪ ಹಚ್ಚಲು ಇಬ್ಬರಿಗೂ ನೆನಪಾಗಲಿಲ್ಲ. ಅಡುಗೆಮನೆಯಲ್ಲಿ ಸೂಪು ಕುದಿಯುವ ಶಬ್ದ ಮಾತ್ರ ಇತ್ತು. ಪೇಪರು ಮಡಚಿ ಇಟ್ಟಲ್ಲೇ ಇತ್ತು. ಅವಳು ಅವನ ಕೈ ಹಿಡಿದಿದ್ದಳು.

ಜಾಡಿಯ ಮುಚ್ಚಳ ತೆರೆದ ಸದ್ದಾಯಿತು. ಮುಚ್ಚಿದ ಸದ್ದಾಯಿತು. ಟಕ್ ಟಕ್... ಟಕ್.

ಇಬ್ಬರೂ ಎದ್ದು ಹೋಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ಎರಡು ಬಟ್ಟಲು ತಂದಳು. ಅವನು ಒಂದು ಚಮಚ ಕುಡಿದ. ಮೊದಲು ಹಬೆ, ಆಮೇಲೆ ಒದ್ದೆ ಮರ, ಆಮೇಲೆ ಉಪ್ಪು. ಒಂದು ಹರಳು ಆಚೆ ಇಲ್ಲ, ಈಚೆ ಇಲ್ಲ. ಅವನ ಕಣ್ಣು ತುಂಬಿತು. ಅವಳ ಮುಖ ನೋಡಿದ. ಪೀಪಾಯಿಯಲ್ಲಿ ನೆನೆದು ಬಂದ ಸೌಟಿನ ರುಚಿ ಅವಳಿಗೂ ತಿಳಿಯುತ್ತಿತ್ತು.

ಅಡುಗೆಮನೆಯ ಕತ್ತಲೆ ಬಾಗಿಲ ತನಕ ಬಂದು ನಿಂತಿತ್ತು. ಉತ್ತರಕ್ಕಾಗಿ ಯಾರೋ ಅಲ್ಲೇ ಕಾಯುತ್ತಿದ್ದರು.

"ಹೇಳಿ ರೀ" ಅಂದಳು ಹೆಂಡತಿ ಪಿಸುದನಿಯಲ್ಲಿ. "ಎಷ್ಟು ವರ್ಷದಿಂದ ಕೇಳ್ತಿದಾರೆ. ಹೇಳಿ, ಹೋಗ್ಲಿ."

ಪಸಂದಪ್ಪ ಬಾಯಿ ತೆರೆದ. ಕಂಡಕಂಡವರಿಗೆಲ್ಲ ಹೇಳಿದ ಮಾತು ತುಟಿಯವರೆಗೂ ಬಂದಿತ್ತು. ಆ ಬಾಗಿಲನ್ನು ನೋಡಿದ, ಕೈಯಲ್ಲಿದ್ದ ಬಟ್ಟಲು ನೋಡಿದ.

"ಅಮ್ಮಾ," ಅಂತ ಕೂಗಿದ, "ಒಂದೇ ಒಂದು ಹರಳು ಉಪ್ಪು ಕಮ್ಮಿಯಾಗಿದೆ. ನಾಳೆ ನೋಡಿ ಹಾಕು."

ಒಳಗಿನಿಂದ, ಸೌಟನ್ನು ಸಿಟ್ಟಿನಿಂದ ಮೊಳೆಗೆ ನೇತುಹಾಕಿದ ಸದ್ದು ಬಂತು.